ಮೊದಲ ಸೇರು

ಈ ಸಭೆಯ ಅಧ್ಯಕ್ಷಪೀಠದಲ್ಲಿರುವ ಮಾನ್ಯ ಚೆನ್ನಯ ಅವರೇ, ವೇದಿಕೆಯ ಮೇಲೆ ನನ್ನ ಜೊತೆ ಈ ದೀಪಗಳ ಸೆಕೆಯನ್ನೂ ಹಂಚಿಕೊಂಡಿರುವ ಮುಖ್ಯ ಅತಿಥಿಗಳೇ, ನಮ್ಮ ಸಂಘದ ಚುರುಕಿನ ಕಾರ್ಯದರ್ಶಿ ಯೋಗೀಶ್ ಅವರೇ, ಭಾನುವಾರ ಸಂಜೆಯ ಗಿರಾಕಿಗಳನ್ನು ಮ್ಯಾನೇಜರ್ ಕೈಗೆ ಒಪ್ಪಿಸಿ ಧೈರ್ಯವಾಗಿ ಇಲ್ಲಿಗೆ ಬಂದಿರುವ ಹೋಟೆಲ್ ಬಂಧುಗಳೇ, ತಾಯಂದಿರೇ, ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಲೇ ನನ್ನ ಮಾತಿಗೂ ಒಂದು ಕಿವಿ ಕೊಟ್ಟಿರುವ ಯುವಮಿತ್ರರೇ, ಸಭಿಕರೇ,

ಡೊಂಬಿವಲಿಯ ನಮ್ಮ ಕರಾವಳಿ ಹೋಟೆಲ್ ಬಂಧುಗಳ ಸಂಘ ಇಂದು ವಾರ್ಷಿಕೋತ್ಸವದ ವೇದಿಕೆಯಲ್ಲಿ ನನ್ನನ್ನು ಸನ್ಮಾನಿಸಿದೆ. ಶಾಲು ಹೊದೆಸಿದ್ದೀರಿ, ಹಾರ ಹಾಕಿದ್ದೀರಿ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ನನ್ನನ್ನು ಪರಿಚಯಿಸಿದ ಯೋಗೀಶ್ ಅವರು, ‘ಜಗತ್ತಿನ ಅಕ್ಕಿಯ ಜಾತಕ ಬಲ್ಲವರು ನಮ್ಮ ಪ್ರೇಮನಾಥ’ ಎಂದರು. ಜಾತಕ ಬಲ್ಲವನಾಗಿದ್ದರೆ ನನ್ನ ಆಫೀಸಿನಲ್ಲಿ ನನಗೊಂದು ಕ್ಯಾಬಿನ್ ಇರುತ್ತಿತ್ತು.

ನನ್ನ ಕೆಲಸವೇನು? ಘಣಸೋಲಿಯ ಒಂದು ಕಟ್ಟಡದಲ್ಲಿ ಕುಳಿತು ಜಗತ್ತಿನ ಧಾನ್ಯಪೇಟೆಗಳನ್ನು ಗಮನಿಸುವುದು. ಥಾಯ್ಲೆಂಡ್, ವಿಯೆಟ್ನಾಂಗಳಲ್ಲಿ ಅಕ್ಕಿಯ ದರವೇನು, ಮಲೇಷ್ಯಾದಲ್ಲಿ ತಾಳೆ ಎಣ್ಣೆ ಏರಿತೋ ಇಳಿಯಿತೋ, ಬ್ರೆಜಿಲ್‌ನಲ್ಲಿ ಮಳೆ ಬಂತೋ, ಕಪ್ಪು ಸಮುದ್ರದಿಂದ ಗೋಧಿಯ ಹಡಗು ಹೊರಟಿತೋ, ಯಾವ ಸರ್ಕಾರ ಯಾವ ಬಾಗಿಲು ಮುಚ್ಚಿತು, ಇವನ್ನೆಲ್ಲ ನೋಡಿ ವರದಿ ಬರೆಯುವುದು. ಆ ವರದಿಯನ್ನು ದೂರದ ದೇಶಗಳ ಖರೀದಿದಾರರು ಓದುತ್ತಾರೆ. ನನ್ನ ಸೊಸೈಟಿಯ ಲಿಫ್ಟ್‌ನಲ್ಲಿ ಸಿಗುವವರು ಮಾತ್ರ ಕೇಳುವುದು ಒಂದೇ ಪ್ರಶ್ನೆ: ‘ಟೊಮೆಟೊ ಕಬ್ ಉತರೇಗಾ?’ ಟೊಮೆಟೊ ದರ ಇಳಿಯುವುದು ನನ್ನ ವಿಷಯವಲ್ಲ ಎಂದರೆ ಅವರು ನಂಬುವುದಿಲ್ಲ.

ಈ ಸಂಘಕ್ಕೂ ನಾನು ತಿಂಗಳಿಗೊಮ್ಮೆ ಒಂದು ಪುಟದ ಪೇಟೆ ವರದಿ ಕಳಿಸುತ್ತ ಬಂದಿದ್ದೇನೆ. ಉಕ್ರೇನ್‌ನಲ್ಲಿ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆಯ ದರ ಏರಿತು. ಅದರ ಬೆನ್ನಿಗೇ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು. ಇನ್ನು ಮುಂಬಯಿಯಲ್ಲಿ ವಡೆ ಕರಿಯುವುದೇ ಇಲ್ಲವೇನೋ ಎಂಬಂತೆ ನಿಮ್ಮಲ್ಲಿ ಕೆಲವರು ಮಾತನಾಡಿದಿರಿ. ನಾನು ಬರೆದೆ: ಈ ತಡೆ ಬಹಳ ದಿನ ನಿಲ್ಲದು, ಡಬ್ಬಗಳನ್ನು ಪೇರಿಸಬೇಡಿ. ನಿಲ್ಲಲಿಲ್ಲ. ಮುಂದಿನ ವರ್ಷ ನಮ್ಮದೇ ಸರ್ಕಾರ ಬಿಳಿ ಅಕ್ಕಿಯ ರಫ್ತನ್ನು ತಡೆದು, ಕುಚ್ಚಲಕ್ಕಿಯ ರಫ್ತಿಗೆ ಸುಂಕ ಹಾಕಿತು. ಆಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂದ ಸಂದೇಶ ನಿಮಗೆ ನೆನಪಿರಬಹುದು: ‘ಕುಚ್ಚಲಕ್ಕಿ ಇನ್ನು ಸಿಗುವುದಿಲ್ಲ, ಇವತ್ತೇ ತೆಗೆದುಕೊಳ್ಳಿ, ಹತ್ತು ಜನರಿಗೆ ಕಳಿಸಿ.’ ಅಕ್ಕಿ ಹೊರಗೆ ಹೋಗುವುದನ್ನು ತಡೆದರೆ ಒಳಗೆ ಹೇಗೆ ಕಡಿಮೆಯಾಗುತ್ತದೆ ಸ್ವಾಮಿ? ನಾನು ಹಾಗೆಯೇ ಬರೆದೆ. ನೀವು ಕೇಳಿದಿರಿ, ನಷ್ಟ ತಪ್ಪಿಸಿಕೊಂಡಿರಿ. ಈ ಶಾಲು ಅದಕ್ಕಾಗಿ ಎಂದು ತಿಳಿದುಕೊಂಡಿದ್ದೇನೆ.

ಒಬ್ಬರು ಮಾತ್ರ ಕೇಳಲಿಲ್ಲ. ಅವರು ಹತ್ತು ಜನರಿಗೆ ಕಳಿಸಿದ್ದೂ ಅಲ್ಲದೆ, ಆಟೋದಲ್ಲಿ ಕುಚ್ಚಲಕ್ಕಿಯ ಮೂಟೆಗಳನ್ನು ಹೇರಿಸಿಕೊಂಡು ಬಂದರು. ಅವರು ನನ್ನ ಅಕ್ಕ ಮೋಹಿನಿ. ಮೂರನೆಯ ಸಾಲಿನಲ್ಲಿ ಕುಳಿತು ಫ್ಯಾನ್ ನೋಡುತ್ತಿದ್ದಾಳೆ.

ಅಕ್ಕನ ಪರಿಚಯ ಈ ಸಭೆಗೆ ಬೇಕಾಗಿಲ್ಲ. ಆದರೆ ಮುಖ್ಯ ಅತಿಥಿಗಳು ಠಾಣೆಯಿಂದ ಬಂದಿದ್ದಾರೆ, ಅವರಿಗಾಗಿ ಹೇಳುತ್ತೇನೆ. ನಮ್ಮ ಸಂಘದಲ್ಲೊಂದು ಹಳೆಯ ಪದ್ಧತಿಯಿದೆ. ಸದಸ್ಯರ ಹೋಟೆಲ್‌ನಲ್ಲಿ ಹೊಸ ಅಕ್ಕಿಮೂಟೆಯ ಬಾಯಿ ಬಿಚ್ಚಿದಾಗ, ಅಕ್ಕಿ ಪಾತ್ರೆಗೆ ಬೀಳುವ ಮೊದಲು ಒಂದು ಸೇರು ತೆಗೆದಿಡುತ್ತಾರೆ. ಅದಕ್ಕೆ ‘ಮೊದಲ ಸೇರು’ ಎಂದು ಹೆಸರು. ಹೀಗೆ ತೆಗೆದಿಟ್ಟ ಅಕ್ಕಿ ಸಂಘದ ಕಚೇರಿಯ ಹಿಂದಿರುವ ಅಕ್ಕಿಕೋಣೆಗೆ ಬರುತ್ತದೆ. ಮುಂಬಯಿಯ ಬಟ್ಟೆಗಿರಣಿಗಳು ಮುಚ್ಚಿ, ಅವುಗಳ ಕ್ಯಾಂಟೀನುಗಳೂ ಮುಚ್ಚಿ, ನಮ್ಮವರು ಗುಂಪುಗುಂಪಾಗಿ ಈ ಕಡೆ ಬಂದ ಕಾಲದಲ್ಲಿ ಹಿರಿಯರು ಶುರುಮಾಡಿದ್ದು. ಕೆಲಸ ಹೋದವರು, ಕಾಯಿಲೆ ಬಿದ್ದವರು, ಊರಿಂದ ಬಂದು ಇನ್ನೂ ಕೆಲಸ ಸಿಗದವರು ಅಲ್ಲಿಂದ ಅಕ್ಕಿ ಒಯ್ಯಬಹುದು. ಯಾರು, ಏಕೆ ಎಂದು ಕೇಳುವಂತಿಲ್ಲ. ಆ ಕೋಣೆಯನ್ನು ನೋಡಿಕೊಳ್ಳುವವಳು ಅಕ್ಕ. ಕೇಳುವಂತಿಲ್ಲ ಎಂಬ ನಿಯಮವನ್ನು ಅವಳು ಪಾಲಿಸುತ್ತಾಳೆ, ಆದರೆ ಕೇಳದೆಯೇ ಎಲ್ಲರ ಸಮಾಚಾರವೂ ಅವಳಿಗೆ ಗೊತ್ತಿರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಮಳೆಗಾಲದಲ್ಲಿ ಕಾರ್ಯಕಾರಿ ಸಮಿತಿ ನನಗೊಂದು ಪ್ರಶ್ನೆ ಕೇಳಿತು: ಮುಂಬರುವ ವರ್ಷಗಳಲ್ಲಿ ಅಕ್ಕಿಯ ಕೊರತೆಯಾಗುವ ಸಂಭವವಿದೆಯೇ? ಇಲ್ಲವಾದರೆ ಅಕ್ಕಿಕೋಣೆಯನ್ನು ಮುಚ್ಚಿ, ಕೋಣೆಯನ್ನು ಟ್ಯೂಷನ್ ಕ್ಲಾಸಿಗೆ ಬಾಡಿಗೆ ಕೊಟ್ಟು, ಮೊದಲ ಸೇರಿನ ಬದಲು ಫೋನಿನಲ್ಲೇ ಹಣ ಹಾಕಿಸಿಕೊಂಡು ಒಂದು ನಿಧಿ ಮಾಡಬಹುದಲ್ಲ? ಯೋಗೀಶ್ ಅವರ ಈ ಯೋಚನೆಯಲ್ಲಿ ದುರುದ್ದೇಶವೇನೂ ಇಲ್ಲ. ಅಕ್ಕಿಗೆ ಹುಳ ಬೀಳುತ್ತದೆ, ಹಣಕ್ಕೆ ಬೀಳುವುದಿಲ್ಲ.

ನಾನು ವರದಿ ಬರೆದೆ. ಜಗತ್ತಿನಲ್ಲಿ ಅಕ್ಕಿ ಧಾರಾಳವಾಗಿದೆ, ನಮ್ಮ ದೇಶದ ಗೋದಾಮುಗಳು ತುಂಬಿವೆ, ರಫ್ತಿನ ತಡೆಗಳೂ ತೆರವಾಗಿವೆ, ಕೊರತೆಯ ಲಕ್ಷಣವಿಲ್ಲ. ಆದ್ದರಿಂದ ಕೋಣೆಯನ್ನು ಮುಚ್ಚಬಹುದು. ಇಂದು ಆ ಠರಾವನ್ನು ಸಭೆಯ ಮುಂದಿಡುತ್ತಾರೆ. ಅದಕ್ಕೂ ಮೊದಲು ನಾನು ಈ ತಟ್ಟೆಯಲ್ಲಿರುವ ಕೋಣೆಯ ಬೀಗದಕೈಯನ್ನು ಅಧ್ಯಕ್ಷರಿಗೆ ಒಪ್ಪಿಸಬೇಕೆಂದು ಕಾರ್ಯಕ್ರಮದಲ್ಲಿದೆ. ಅಕ್ಕನಿಂದ ಇದನ್ನು ಈಸಿಕೊಂಡು ಬರಲು ಕಚೇರಿಯ ಜವಾನನನ್ನು ಕಳಿಸಿದ್ದರಂತೆ. ನನಗೆ ಹೇಳಿದ್ದರೆ ನಾನೇ ಹೋಗುತ್ತಿದ್ದೆ. ಹೋಗುತ್ತಿದ್ದೆನೇ? ಗೊತ್ತಿಲ್ಲ.

ಈ ವರದಿಯಿಂದ ನಮ್ಮಿಬ್ಬರ ನಡುವೆ ಮನಸ್ತಾಪವಾಗಿದೆ ಎಂದು ಕೆಲವರು ಆಡಿಕೊಳ್ಳುತ್ತಿದ್ದಾರೆ. ಅಂಥದ್ದೇನೂ ಇಲ್ಲ. ಅಕ್ಕ ಚೌತಿಗೆ ನಮ್ಮ ಮನೆಗೆ ಬರಲಿಲ್ಲ, ನಿಜ. ಅವತ್ತು ಮಳೆ ಜೋರಿತ್ತು. ಮಳೆಯೇ ಇರಲಿಲ್ಲ ಎಂದು ಮೊದಲನೆಯ ಸಾಲಿನಿಂದ ನನ್ನ ಹೆಂಡತಿ ಚಂಪಾ ಕೈಯಾಡಿಸುತ್ತಿದ್ದಾಳೆ. ಇರಲಿ. ಫೋನಿನಲ್ಲಿ ಅಕ್ಕ ಹೇಳಿದ್ದು ಇಷ್ಟೇ: ‘ನೀನು ಕಲಿತವ ಮಾರಾಯ, ನಾನೆಂಥ ಹೇಳುದು. ಮುಚ್ಚು.’

ಸಭಿಕರೇ, ನನ್ನ ವರದಿ ಸರಿಯಾಗಿದೆ. ಅದರ ಒಂದು ಅಂಕಿಯನ್ನೂ ನಾನು ಬದಲಿಸುವುದಿಲ್ಲ. ಅಕ್ಕ ಕೊಂಡುತಂದ ಆ ಮೂಟೆಗಳಿಗೆ ಹುಳ ಬಿದ್ದದ್ದೂ ಅಷ್ಟೇ ಸರಿ. ಅವಳು ಬಿಸಿಲಿಗೆ ಹಾಕಿದಳು, ಬೇವಿನ ಸೊಪ್ಪು ಹಾಕಿದಳು, ಕೊನೆಗೆ ಹುಳಗಳಿಗೂ ನನಗೂ ಒಟ್ಟಿಗೇ ಬೈದಳು. ವಾಟ್ಸಾಪ್ ನಂಬಿ ಅಕ್ಕಿ ಕೊಳ್ಳುವವರ ಪರವಾಗಿ ನಾನು ಇವತ್ತೂ ಮಾತನಾಡುವುದಿಲ್ಲ.

ಆದರೆ ಈ ಭಾಷಣವನ್ನು ಬರೆಯುತ್ತ ಕುಳಿತಾಗ ಲಾಕ್‌ಡೌನಿನ ಏಪ್ರಿಲ್ ತಿಂಗಳು ನೆನಪಾಯಿತು. ಆಗ ಮನೆಯಿಂದಲೇ ಕೆಲಸ. ವಿಯೆಟ್ನಾಂ ಕೆಲವು ದಿನ ರಫ್ತು ತಡೆದಿತ್ತು, ಊರೆಲ್ಲ ಗಾಬರಿಯಾಗಿತ್ತು. ನಾನು ಬರೆದೆ: ಗಾಬರಿ ಬೇಡ, ಜಗತ್ತಿನಲ್ಲಿ ಸಾಕಷ್ಟು ಅಕ್ಕಿ ಇದೆ. ಅದೂ ಸರಿಯಾದ ವರದಿಯೇ. ಅಭ್ಯಾಸದಂತೆ ಸಂಘದ ಗುಂಪಿಗೂ ಹಾಕಿದೆ. ಸ್ವಲ್ಪ ಹೊತ್ತಿಗೆ ಅಕ್ಕನ ಫೋನು.

‘ಪ್ರೇಮ, ಅಕ್ಕಿ ಉಂಟು ಅಂತ ಬರೆದಿದ್ದಿ.’

‘ಹೌದಕ್ಕ, ಬೇಕಾದಷ್ಟು ಉಂಟು.’

‘ಎಲ್ಲಿ ಉಂಟು ಹೇಳು. ವಿಠ್ಠಲವಾಡಿಯ ರೂಮಿನಲ್ಲಿ ನಮ್ಮ ಕುಂದಾಪುರದ ಹುಡುಗರು ನಿನ್ನೆಯಿಂದ ಚಹಾ ಕುಡಿದು ಕೂತಿದ್ದಾರೆ. ನೀನು ಜಾಗ ಹೇಳಿದರೆ ಯಾರನ್ನಾದರೂ ಕಳಿಸುತ್ತೇನೆ.’

ನಾನು ಏನು ಹೇಳಲಿ? ಬ್ಯಾಂಕಾಕಿನ ಬಂದರಿನಲ್ಲಿ ಉಂಟು ಎನ್ನಲೇ? ಪಂಜಾಬಿನ ಗೋದಾಮಿನಲ್ಲಿ ಉಂಟು ಎನ್ನಲೇ? ಅವರು ಕೆಲಸ ಮಾಡುವ ಹೋಟೆಲ್ ಮುಚ್ಚಿತ್ತು. ಅವರ ರೇಷನ್ ಕಾರ್ಡುಗಳು ಊರಿನಲ್ಲಿದ್ದವು. ಮಾಲೀಕರು ಅವರ ಫೋನಿಗೆ ಹಣ ಹಾಕಿದ್ದರು. ಹಣವಿತ್ತು ಸಭಿಕರೇ, ನಿಧಿಯಲ್ಲಿ ಇರುವಂತೆಯೇ ಫೋನಿನಲ್ಲಿ ಹಣವಿತ್ತು. ಗಲ್ಲಿಯ ಎರಡೂ ತುದಿಗೆ ಬಿದಿರು ಅಡ್ಡ ಕಟ್ಟಿದ್ದರು, ಒಳಗಿನ ಕಿರಾಣಿ ಅಂಗಡಿಯ ಶಟರ್ ಇಳಿದಿತ್ತು. ಅಕ್ಕ ಅಕ್ಕಿಕೋಣೆ ತೆರೆದಳು. ಹಾಲಿನ ಟೆಂಪೋದವನನ್ನು ಒಪ್ಪಿಸಿ, ಅಕ್ಕಿಯೊಂದಿಗೆ ತಾನೂ ಹತ್ತಿದಳು. ಪೊಲೀಸರು ತಡೆದಾಗ, ‘ಸಾಹೇಬ್, ದೂಧ್ ಕೆ ನೀಚೆ ಚಾವಲ್ ಹೈ, ದೇಖ್ ಲೋ’ ಎಂದು ಹಾಲಿನ ಕ್ರೇಟು ಎತ್ತಿ ಕೆಳಗಿದ್ದ ಅಕ್ಕಿ ತೋರಿಸಿದಳಂತೆ. ಸುಳ್ಳು ಹೇಳುವುದು ಅವಳಿಗೆ ಬರುವುದಿಲ್ಲ, ಹಿಂದಿಯೂ ಅಷ್ಟಕ್ಕಷ್ಟೇ. ಅವರು ಬಿಟ್ಟರು.

ಹಾಗಾದರೆ ನನ್ನ ವರದಿಯಲ್ಲಿ ಕೊರತೆಯಾದದ್ದು ಏನು? ಸಮಿತಿ ನನ್ನನ್ನು ಕೇಳಿದ್ದು ಅಕ್ಕಿ ಇರುತ್ತದೆಯೇ ಎಂದು. ಇರುತ್ತದೆ ಎಂದೆ. ಅದು ವಿಠ್ಠಲವಾಡಿಯ ರೂಮಿಗೆ ಬರುತ್ತದೆಯೇ ಎಂದು ಅವರು ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ನಮ್ಮ ದೇಶ ಬಾಗಿಲು ಮುಚ್ಚಿದಾಗ, ನಮ್ಮ ಅಕ್ಕಿಯನ್ನೇ ನಂಬಿದ್ದ ಎಷ್ಟೋ ದೇಶಗಳು ಪರದಾಡಿದವು. ಅವರಿಗೆ ನಾನೇ ಬರೆದು ಕಳಿಸಿದ ಸಲಹೆ ಏನು ಗೊತ್ತೇ? ಪೇಟೆಯಲ್ಲಿ ಸಿಗುತ್ತದೆಂದು ಸುಮ್ಮನಿರಬೇಡಿ, ಸ್ವಲ್ಪವಾದರೂ ದಾಸ್ತಾನು ನಿಮ್ಮ ಕೈಯಳತೆಯಲ್ಲಿರಲಿ. ಬೇರೆ ದೇಶಗಳಿಗೆ ಇದನ್ನು ಹೇಳಿದವನು ನನ್ನದೇ ಸಂಘಕ್ಕೆ, ಕೈಯಳತೆಯಲ್ಲಿರುವುದನ್ನು ಖಾಲಿ ಮಾಡಿ ಎಂದು ಹೇಳಿದೆ.

ವರದಿಯಲ್ಲಿ ನಾನು ‘ಫಲಾನುಭವಿಗಳು’ ಎಂಬ ಶಬ್ದ ಬಳಸಿದ್ದೇನೆ. ‘ಫಲಾನುಭವಿಗಳ ಸಂಖ್ಯೆ ಕಡಿಮೆಯಾಗುತ್ತಿದೆ’ ಎಂದು. ನಾನು ಡಿಗ್ರಿ ಮುಗಿಸಿ ಈ ಊರಿಗೆ ಬಂದಾಗ ಅಕ್ಕನ ಮನೆಯಲ್ಲಿ ಉಳಿದಿದ್ದೆ. ಭಾವನ ಕ್ಯಾಂಟೀನು ಆಗಷ್ಟೇ ನಿಂತಿತ್ತು. ದಿನವೂ ಇಂಟರ್‌ವ್ಯೂ ಎಂದು ಚರ್ಚ್‌ಗೇಟಿಗೆ ಹೋಗಿ ಬರುತ್ತಿದ್ದೆ, ಬಂದರೆ ಅಕ್ಕ ಗಂಜಿ ಬಡಿಸುತ್ತಿದ್ದಳು. ಅದರಲ್ಲಿ ಒಮ್ಮೆ ದಪ್ಪ ಅಕ್ಕಿ, ಒಮ್ಮೆ ಸಣ್ಣ ಅಕ್ಕಿ, ಒಮ್ಮೆ ಎರಡೂ ಸೇರಿರುತ್ತಿತ್ತು. ‘ಇದೆಂಥ ಅಕ್ಕ, ಒಂದೇ ತಟ್ಟೆಯಲ್ಲಿ ಎರಡು ಜಾತಿ?’ ಎಂದರೆ, ‘ಬಾಯಿ ಮುಚ್ಚಿ ಉಣ್ಣು, ಹೊಟ್ಟೆಯೊಳಗೆ ಒಂದೇ ಆಗುತ್ತದೆ’ ಎನ್ನುತ್ತಿದ್ದಳು. ಒಂದೊಂದು ಹೋಟೆಲಿನ ಮೊದಲ ಸೇರು ಒಂದೊಂದು ಬಗೆಯ ಅಕ್ಕಿ, ಕೋಣೆಯ ಡ್ರಮ್ಮಿನಲ್ಲಿ ಎಲ್ಲವೂ ಬೆರೆಯುತ್ತದೆ. ಈ ಮಾತು ನಾನು ಬರೆದುಕೊಂಡು ಬಂದ ಕಾಗದದಲ್ಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ.

ಅಧ್ಯಕ್ಷರೇ, ನನ್ನ ಅಂಕಿಗಳು ಹಾಗೆಯೇ ಇರಲಿ. ವರದಿಯ ಕೊನೆಯ ಸಾಲಿನ ಶಿಫಾರಸನ್ನು ಮಾತ್ರ ಈ ಸಭೆಯ ಮುಂದೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಯೋಗೀಶ್ ಅವರೇ, ನಿಮ್ಮ ನಿಧಿಯೂ ಬರಲಿ. ಔಷಧಿಗೆ, ಊರಿಗೆ ಹೋಗುವ ಟಿಕೇಟಿಗೆ ಅದು ಬೇಕು. ಕೋಣೆಯೂ ಇರಲಿ. ದಾಸ್ತಾನು ಚಿಕ್ಕದಿರಲಿ, ಹಳೆಯದು ಮೊದಲು ಹೋಗಲಿ. ಎಷ್ಟು ಇಡಬೇಕೆಂದು ನಾನು ಹೇಳುತ್ತೇನೆ, ಯಾರಿಗೆ ಕೊಡಬೇಕೆಂದು ಅಕ್ಕ ನೋಡಿಕೊಳ್ಳಲಿ. ವಾಟ್ಸಾಪ್ ನೋಡಿ ಮೂಟೆ ತರುವ ಅಧಿಕಾರ ಮಾತ್ರ ಅವಳಿಗೆ ಬೇಡ. ಠರಾವಿಗೆ ಮತ ನಿಮ್ಮದು, ನೀವೇ ಹಾಕಿ. ನನ್ನ ಮಾತು ಸೋತರೆ ಆ ಟ್ಯೂಷನ್ ಕ್ಲಾಸಿಗೆ ಮೊದಲ ವಿದ್ಯಾರ್ಥಿಯಾಗಿ ನಾನೇ ಸೇರುತ್ತೇನೆ.

ಈ ಬೀಗದಕೈಯನ್ನು ಅಧ್ಯಕ್ಷರಿಗೆ ಕೊಡಲು ನನಗೆ ಹೇಳಿದ್ದೀರಿ. ಕ್ಷಮಿಸಿ, ಇದನ್ನು ಯಾರ ಕೈಯಿಂದ ಈಸಿಕೊಂಡಿರೋ ಅವರ ಕೈಗೇ ಕೊಡುತ್ತೇನೆ. ಮತದಾನ ಮುಗಿಯುವ ತನಕ ಅದು ಅಲ್ಲಿರಲಿ. ಇನ್ನೊಂದು ಮಾತು. ನಾನು ಹೋಟೆಲಿನವನಲ್ಲ, ಘಣಸೋಲಿಯಲ್ಲೇ ಇರುವ ನಮ್ಮ ಮನೆಗೆ ಬರುವುದು ಐದು ಕಿಲೋದ ಪ್ಯಾಕೆಟ್ಟು. ಅದರಿಂದ ಸೇರು ತೆಗೆದರೆ ಚಂಪಾ ನನ್ನನ್ನು ಮನೆಯಿಂದ ತೆಗೆಯುತ್ತಾಳೆ. ಆದರೆ ಪ್ಯಾಕೆಟ್ಟು ಒಡೆದಾಗಲೆಲ್ಲ ಮೊದಲ ಪಾವು ಘಣಸೋಲಿಯಿಂದ ಠಾಣೆ, ಠಾಣೆಯಿಂದ ಡೊಂಬಿವಲಿ, ಲೋಕಲ್ ಹತ್ತಿ ಬರುತ್ತದೆ. ನಾನೇ ತರುತ್ತೇನೆ.

ಅಕ್ಕ, ಫ್ಯಾನ್ ನೋಡಿದ್ದು ಸಾಕು. ಈ ಬೀಗದಕೈ ತೆಗೆದುಕೊಂಡು ಹೋಗು ಬಾ.

ಮುಂದಿನ ಸಾಲಿನವರು ದಯವಿಟ್ಟು ಸ್ವಲ್ಪ ಕಾಲು ಹಿಂದೆ ತೆಗೆದುಕೊಳ್ಳಿ, ಅವಳು ಚಪ್ಪಲಿ ಹುಡುಕುತ್ತಿದ್ದಾಳೆ. ಅಗೋ, ಬರಿಗಾಲಲ್ಲೇ ಹೊರಟಳು. ಬರುತ್ತಿರುವ ರೀತಿ ನೋಡಿದರೆ ಬೀಗದಕೈ ತೆಗೆದುಕೊಳ್ಳುವ ಮೊದಲು ನನಗೆ ಬೈಗುಳವಿದೆ. ಅದು ಮೈಕಿನಲ್ಲಿ ಕೇಳಿಸುವ ಮೊದಲು ನಾನು ಮಾತು ಮುಗಿಸುವುದು ಒಳ್ಳೆಯದು. ಶಾಲು ಹೊದೆಸಿದ ಸಂಘಕ್ಕೆ, ಸಹನೆಯಿಂದ ಕೇಳಿದ ನಿಮಗೆ, ಎರಡು ಜಾತಿಯ ಅಕ್ಕಿಯನ್ನು ಒಂದೇ ಗಂಜಿ ಮಾಡಿ ಬಡಿಸಿದವಳಿಗೆ ನನ್ನ ವಂದನೆಗಳು.

ನಮಸ್ಕಾರ.