ಸತ್ತ ಮೇಲೆ ಬಂದ ಬಿರುದು

…ಬೇಡ, ಅದನ್ನ ಗೋಡೆಗೆ ಕಟ್ಟಬೇಡಿ, ಆಗಾ ನೈರೀಜಿಯವರೇ! ಸುತ್ತಿ ಮೂಲೇಲಿಡಿ. ಓದಿದೆ ನಾನು. ಶೋಕದ ಕಪ್ಪು ಬಟ್ಟೆ, ಬಿಳೀ ಅಕ್ಷರ… 'ಆಯತೊಲ್ಲಾ ಶೇಖ್ ಲುತ್ಫುಲ್ಲಾ.' ಆಹಾ! ನನ್ನ ಗಂಡನ್ನ ನಿನ್ನೆ ಮಣ್ಣು ಮಾಡಿದ್ರು, ಇವತ್ತು ನಿಮ್ಮ ಬಾಯಿಗೆ 'ಆಯತೊಲ್ಲಾ' ಅನ್ನೋ ಪದ ಬಂತು!

ಕೂತ್ಕೊಳ್ಳಿ. ಚಹಾ ತಗೊಳ್ಳಿ. ಸಕ್ಕರೆ ತುಂಡು ಹಲ್ಲಲ್ಲಿ ಕಚ್ಕೊಂಡೇ ಕುಡೀರಿ, ನನ್ನ ಮಾತು ಕಹಿ ಇದೆ.

ಧರ್ಮಪಂಡಿತರ ಈ ಕುಮ್ ಪಟ್ಟಣದಲ್ಲಿ ಆ ಬಿರುದನ್ನ ಯಾರೂ ಮೊಹರು ಒತ್ತಿ ಕೊಡಲ್ಲ. ದೊಡ್ಡವರೊಬ್ರು ಸಭೇಲಿ ಬಾಯ್ತುಂಬ ಕರೀಬೇಕು, ಆಮೇಲೆ ಊರೇ ಕರೆಯುತ್ತೆ. ಆ ದೊಡ್ಡವರು ನೀವು! ಒಂದೇ ಗುರು ಹತ್ರ ಓದಿದವರು. ಆದ್ರೂ ಪ್ರತಿ ಸಭೇಲೂ 'ಹುಜ್ಜತುಲ್ ಇಸ್ಲಾಂ ಲುತ್ಫುಲ್ಲಾ' ಅಂದ್ರಿ. ಒಂದು ಮೆಟ್ಟಿಲು ಕೆಳಗೆ! ಬೇಕಂತಲೇ!

ಯಾಕೆ ತಲೆ ತಗ್ಗಿಸ್ತೀರಿ? ಪರಸ್ತ್ರೀ ಮುಖ ನೋಡಬಾರದು ಅಂತಲೋ, ನಾಚಿಕೆಗೋ?

ಹೆಂಗಸರ ಕೂಟದಲ್ಲಿ ನಿಮ್ಮ ಹೆಂಡತಿ ಬತೂಲ್ ಖಾನುಂಗೆ ಮೇಲಿನ ದಿಂಬು. ನಂಗೆ ಬಾಗಿಲ ಹತ್ರ, ಚಪ್ಪಲಿ ಪಕ್ಕ! ಹೋಗಿ ಬರೋರು ಹೊದ್ದ ಚಾದರದ ಅಂಚೆಲ್ಲ ನನ್ನ ಮೂಗಿಗೆ… ನಗ್ತಿದೀರಾ? ಕೆಮ್ಮಾ? ನೀರು ಕುಡೀರಿ.

ನಮ್ಮವರು ಕೊರಗಿ ಕೊರಗಿ ಸತ್ರು. ಹೌದು, ಆ ಪದಕ್ಕೇ! ನಾಳೆ ಮಸೀದೀಲಿ ಶೋಕಸಭೆ ಇದೆಯಲ್ಲ, ಎದ್ದು ನಿಂತು ಹೇಳಬೇಕು ನೀವು. 'ಹೊಟ್ಟೆಕಿಚ್ಚಿಗೆ ನಾನೇ ತಡೆದೆ' ಅಂತ. ಅಷ್ಟೂ ಜನರೆದುರು ನಿಮ್ಮ ಮರ್ಯಾದೆ ಮೂರಾಬಟ್ಟೆ ಆಗಬೇಕು, ಹೆಂಗಸರ ಪರದೆ ಹಿಂದಿನಿಂದ ನಾನು ಕೇಳಬೇಕು! ಏನಂತೀರಿ? …ತಲೆ ಆಡಿಸಿದ್ರಾ? ಒಪ್ಕೊಂಡ್ರಾ?

ಇಷ್ಟು ಬೇಗ?

ಎದುರು ಮಾತಾಡಿ! 'ಇಲ್ಲಮ್ಮ, ಹಾಗಲ್ಲ' ಅನ್ನಿ! ಇಷ್ಟು ಬಯ್ದೆ, ಒಂದು ಮಾತು ಬೇಡ್ವಾ ನಿಮಗೆ? ಬಾಯಿ ಬಿಡ್ರೀ! …ಅವರಿಗೆ ಕೊಟ್ಟ ಮಾತಾ? ಸತ್ತ ಮೇಲೂ ಉಳಿಸ್ತೀರಾ?

ಅಯ್ಯೋ… ಬೇಡ. ನಾಳೆ ಏನೂ ಹೇಳಬೇಡಿ.

ಅವತ್ತು ನೀವಿಬ್ರೂ ಇಲ್ಲಿ ಕೂತು ಮಾತಾಡ್ವಾಗ ಚಹಾ ತರ್ತಾ ಬಾಗಿಲಾಚೆ ನಿಂತಿದ್ದೆ, ಆಗಾ ನೈರೀಜಿ. ಎಲ್ಲ ಕೇಳಿಸ್ಕೊಂಡೆ, ಗೊತ್ತಿದ್ದೂ ನಿಮ್ಮನ್ನ ಬಯ್ದೆ. 'ನಾನು ಬದುಕಿರೋವರೆಗೂ ಹಾಗೆ ಕರೀಬೇಡ ಅಣ್ಣಾ, ದೇವರ ಭಯ ಆಗುತ್ತೆ' ಅಂತ ನಮ್ಮವರು ನಿಮ್ಮ ಕೈ ಹಿಡ್ಕೊಂಡು ಅತ್ರು. 'ನಾನೇ ಬೇಡ ಅಂದಿದ್ದು ಇವಳಿಗೆ ತಿಳೀಬಾರದು, ನೊಂದ್ಕೋತಾಳೆ' ಅಂದ್ರು.

ಅವರಿಗೆ ಬೇಡವಾಗಿತ್ತು. ಬೇಕಾಗಿದ್ದು ನಂಗೆ… ಅದು ಅವರಿಗೂ ಗೊತ್ತಿತ್ತು.