ಹಾಲು ಹೋದ ದಾರಿ

ಆಸ್ಪತ್ರೆಯ ಬೆಂಚಿನ ಮೇಲೆ ದರ್ಜಿ ಹೆಂಗಸು ಸರದಿಗೆ ಕಾದು ಕಾದು ತೂಕಡಿಸುತ್ತಿದ್ದಳು. ಕಿಟಕಿಯ ಬಿಸಿಲು ಮಡಿಲಲ್ಲಿ ಬೆಚ್ಚಗೆ ಕೂತಿತ್ತು. ಪಕ್ಕದಲ್ಲಿ ಕೂತಿದ್ದ ಯಾರೋ ಅತ್ತೆ ಸೊಸೆಯರ ಮಾತು ನೀರೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ಆಗಷ್ಟೇ ತೂಕ ಹಾಕಿಸಿಕೊಂಡ ಮಗು ಸೊಸೆಯ ಹೆಗಲಿಗೆ ಒರಗಿತ್ತು.

“ಹೋದ ಸಲಕ್ಕಿಂತ ಇಳಿದಿದಾನೆ, ಅತ್ತೆ.”

“ಆ ತಕ್ಕಡೀನೇ ಸರಿಯಿಲ್ಲ. ನಮ್ಮನೇಲಿ ಏನು ಕಮ್ಮಿ? ರಸ್ತೆ ಬಂತು, ಹಾಲಿನ ವ್ಯಾನು ಬಂತು, ಸೂರು ಗಟ್ಟಿಯಾಯ್ತು, ಟೀವಿ ಬಂತು.”

“ಹಾಲು ಹೋಯ್ತು.”

ದರ್ಜಿ ಹೆಂಗಸಿನ ಅರೆಗಣ್ಣಿಗೆ ಉದ್ದನೆಯ ರಸ್ತೆಯೊಂದು ಬೆಳ್ಳಗೆ ಹರಿದು ಹೋದಂತೆ ಕಂಡಿತು.

“ಹಾಲು ಮಾರಿದ್ದಕ್ಕೇ ತಾನೇ ಇಷ್ಟೆಲ್ಲ ಆಗಿದ್ದು?”

“ನಾನು ಬೇಡ ಅಂದ್ನಾ? ರಸ್ತೆ ಇಲ್ದಿದ್ದಾಗ ಮಿಕ್ಕ ಹಾಲು ಏನ್ಮಾಡ್ತಿದ್ರಿ?”

“ಮಾಡೋದೇನು, ನಿನ್ನ ಗಂಡನ ಬಾಯಿಗೆ ಸುರೀತಿದ್ದೆ. ಸಾಕು ಸಾಕು ಅಂತ ಓಡೋನು. ಹಿಡ್ಕೊಂಡು ಕುಡಿಸ್ತಿದ್ದೆ.”

“ಅದಕ್ಕೇ ಬಾಗಿಲಲ್ಲಿ ತಲೆ ತಗ್ಗಿಸಿ ಬರೋಷ್ಟು ಬೆಳೆದ್ರು. ಇವನಿಗೆ ನಾವು ಟೀಯಲ್ಲಿ ಬಿಸ್ಕತ್ತು ಅದ್ದಿ ಕೊಡ್ತೀವಿ.”

ಅತ್ತೆ ಮಗುವಿನ ಮಣಿಕಟ್ಟನ್ನು ಎರಡು ಬೆರಳಲ್ಲಿ ಸುತ್ತಿ ಹಿಡಿದಳು. ಬೆರಳ ತುದಿಗಳು ಸಲೀಸಾಗಿ ಒಂದರ ಮೇಲೊಂದು ಬಂದವು.

“ನಾಳೆಯಿಂದ ಹಾಲು ನಾನೇ ಕರೀತೀನಿ.”

“ನಿಮಗೆ ಮಂಡಿ ನೋವಲ್ವಾ?”

“ಇರ್ಲಿ ಬಿಡು. ಮೊದಲು ಇವನ ಲೋಟ, ಆಮೇಲೆ ವ್ಯಾನು.”

“ಯಾಕೆ ಕಮ್ಮಿ ಅಂತ ವ್ಯಾನಿನವನು ಕೇಳ್ತಾನೆ.”

“ಮನೇಲೇ ಒಬ್ಬ ಗಿರಾಕಿ ಇದಾನೆ ಅನ್ನು.”

ನರ್ಸ್ ಕರೆದಳು. ಅತ್ತೆ ಮಗುವನ್ನು ತಾನೇ ಎತ್ತಿಕೊಂಡು, ಅದರ ಕಿವಿಯಲ್ಲಿ ಏನೋ ಹೇಳುತ್ತಾ ಒಳಗೆ ಹೋದಳು.