ಎರಡನೇ ದನಿಯವಳ ಆಡಿಷನ್

ಗಡಿಯಾರ ನೋಡಬೇಡಿ, ಪ್ರಿಯರೇ. ಇವತ್ತು ಬೇಗ ಬಿಡುತ್ತೇನೆ. ಹೋದ ವಾರವೂ ಹೀಗೇ ಹೇಳಿದ್ದೆ, ನನಗೆ ನೆನಪಿದೆ, ನಗಬೇಡಿ. ಒಂದು ಕಥೆ ಹೇಳುತ್ತೇನೆ, ಕೇಳಿ.

ಬೆಟಗೇರಿ ಕಡೆಯ ಒಂದು ಚರ್ಚಿನ ಸಭೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಹೆಸರು ಹೇಳದಿದ್ದರೆ ನೀವು ಇದು ಪಕ್ಕದ ಬೆಂಚಿನವರ ಕಥೆ ಎಂದುಕೊಂಡು ಹಾಯಾಗಿ ಕೂರುತ್ತೀರಿ. ಅದಕ್ಕೇ ಮನೋರಮಾ ಎಂದು ಇಟ್ಟುಕೊಳ್ಳೋಣ. ವಯಸ್ಸು ಐವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡಿದ್ದಳು, ಆ ತಾಯಿಯೂ ತೀರಿಕೊಂಡರು. ಸೀರೆಗೆ ಫಾಲ್ ಹಚ್ಚುವುದು ಅವಳ ಕೆಲಸ. ಗಿರಾಕಿಗಳು ಸೀರೆ ಕೊಟ್ಟು ಹೋಗುತ್ತಿದ್ದರು, ಕೂರುತ್ತಿರಲಿಲ್ಲ. ಮೊದಲೆಲ್ಲ ಹಾಲಿನವನ ಜೊತೆಯಾದರೂ ಎರಡು ಮಾತಾಗುತ್ತಿತ್ತು. ಈಗ ಅವನೂ ಪ್ಯಾಕೆಟ್ಟನ್ನು ಬಾಗಿಲಿಗೆ ಸಿಕ್ಕಿಸಿ ಹೊರಟುಬಿಡುತ್ತಿದ್ದ. ಕೆಲವು ದಿನ ಸಂಜೆಯಾದರೂ ಅವಳ ಬಾಯಿಂದ ಒಂದು ಮಾತು ಹೊರಟಿರುತ್ತಿರಲಿಲ್ಲ. ನೋಡಿ, ಅಂಥ ಮನೆಗಳು ನಮ್ಮ ಸಭೆಯಲ್ಲಿ ಎಷ್ಟಿವೆ? ಎಣಿಸಿದ್ದೇವಾ?

ಅವಳ ಸುಖವೆಲ್ಲ ಇದ್ದದ್ದು ಸಭೆಯ ಗಾಯನ ಮಂಡಳಿಯಲ್ಲಿ. ಹಳೆಯ ಸಭೆ ಅದು, ನಾಲ್ಕು ದನಿಯಲ್ಲಿ ಹಾಡುವ ರೂಢಿ. ಮೊದಲನೇ ದನಿಯವರು ನಮಗೆಲ್ಲ ಗೊತ್ತಿರುವ ರಾಗ ಹಾಡುತ್ತಾರೆ. ಎರಡನೇ ದನಿಯವರು, ಆಲ್ಟೊ ಅನ್ನುತ್ತಾರಲ್ಲ, ಅವರು ಆ ರಾಗದ ಕೆಳಗೆ ಬೇರೆಯದೇ ಸ್ವರ ಹಿಡಿದು ಅದಕ್ಕೆ ಆಸರೆ ಕೊಡುತ್ತಾರೆ. ಮನೋರಮಾ ಹದಿನೇಳನೇ ವಯಸ್ಸಿನಿಂದ ಎರಡನೇ ದನಿ. ನಿನ್ನ ದನಿ ಬೇರೆಯಾಗಿ ಕೇಳಿಸಿತೋ, ತಪ್ಪಾಯಿತೆಂದು ತಿಳಿ ಎಂದೇ ಮಂಡಳಿಯ ಮಾಸ್ತರರು ಅವಳಿಗೆ ಕಲಿಸಿದ್ದರು. ಮೂವತ್ತು ವರ್ಷ ಅವಳು ಯಾರಿಗೂ ಕೇಳಿಸದ ಹಾಗೆ ಹಾಡಿದಳು. ಪಕ್ಕದಲ್ಲೇ ನಿಂತು ರಾಗ ಹಾಡುತ್ತಿದ್ದವರು ತಬಿತಾಬಾಯಿ ಎಂಬ ಹಿರಿಯ ಹೆಂಗಸು.

ಆಮೇಲೆ ಕೀಬೋರ್ಡ್ ಬಂತು, ಡ್ರಮ್ಸ್ ಬಂತು, ಹುಡುಗರು ಎರಡು ಮೈಕ್ ಹಿಡಿದು ಮುಂದೆ ನಿಂತರು. ತಪ್ಪೇನಿಲ್ಲ, ದೇವರಿಗೆ ಡ್ರಮ್ಸೂ ಕೇಳಿಸುತ್ತದೆ. ಆದರೆ ಮಂಡಳಿ ನಿಂತುಹೋಯಿತು. ಅದೇ ಸುಮಾರಿಗೆ ತಬಿತಾಬಾಯಿ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟ ಮುರಿದುಕೊಂಡು ಮನೆ ಹಿಡಿದರು. ಮನೋರಮಾ ಫೋನ್ ಮಾಡಿ, ದೇವರ ಯೋಜನೆ ಇರುತ್ತದೆ, ಧೈರ್ಯವಾಗಿರಿ ಎಂದಳು. ಫೋನ್ ಇಟ್ಟಳು. ಮುಗಿಯಿತು. ಒಂದೇ ಊರು, ನಾಲ್ಕು ಓಣಿ ಆಚೆ ಮನೆ, ಎಂಟು ತಿಂಗಳು ಹೋಗಲಿಲ್ಲ.

ಹೀಗಿರುವಾಗ ಹುಬ್ಬಳ್ಳಿಯಲ್ಲಿ ಕ್ರೈಸ್ತ ಗಾಯನ ಸ್ಪರ್ಧೆಗೆ ಆಡಿಷನ್ ಇದೆ ಎಂದು ಸಭೆಯ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು. ವಯಸ್ಸಿನ ಮಿತಿ ಇಲ್ಲ. ಮನೋರಮಾ ಆ ಸಂದೇಶವನ್ನು ಹತ್ತು ಸಲ ಓದಿದಳು. ಅವಳಿಗೆ ಬಹುಮಾನದ ಕಪ್ ಬೇಡ, ಹಾರ ಬೇಡ. ಸಾಯುವುದರೊಳಗೆ ಒಂದು ಸಲ, ಒಂದೇ ಒಂದು ಸಲ, ಯಾರಾದರೂ ಕೂತು ತನ್ನ ದನಿ ಕೇಳಬೇಕು. ಅಷ್ಟೇ ಆಸೆ. ತಪ್ಪಾ? ನೀವೇ ಹೇಳಿ.

ಮೂರು ದಿನ ಉಪವಾಸ ಮಾಡಿದಳು. ಭಾನುವಾರ ಹಿರಿಯರೆಲ್ಲ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ದೇವರ ಯೋಜನೆ ದೊಡ್ಡದು, ನೀನು ಗೆದ್ದೇ ಬರುತ್ತೀ ಎಂದರು. ನೋಡಿ, ದೇವರ ಯೋಜನೆಯನ್ನು ನಾವು ಎಷ್ಟು ಸಲೀಸಾಗಿ ದೇವರಿಗಿಂತ ಮೊದಲೇ ಹೇಳಿಬಿಡುತ್ತೇವೆ! ಮನೋರಮಾ ಫಾಲ್ ಹೊಲಿಯುತ್ತ ತಿಂಗಳಿಡೀ ಒಂದೇ ಹಾಡು ಹಾಡಿಕೊಂಡಳು. ಚೆನ್ನಾಗಿಯೇ ಕೇಳುತ್ತಿತ್ತು ಅವಳಿಗೆ.

ಆಡಿಷನ್ನಿನ ದಿನ ಅವಳ ಸರದಿ ಬಂತು. ಮೇಜಿನ ಆಚೆ ಮೂವರು. ಕಣ್ಣು ಮುಚ್ಚಿ ಹಾಡಿದಳು. ಒಂದು ಸ್ವರವೂ ಅಲುಗಲಿಲ್ಲ. ಹಾಡಿ ಕಣ್ಣು ಬಿಟ್ಟರೆ ಇಬ್ಬರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಇದು ಯಾವ ಹಾಡು ಎಂದು ಒಬ್ಬರು ಕೇಳಿದರು. ಅವಳು ಹೇಳಿದಳು. ಎಲ್ಲ ಸಭೆಗಳಲ್ಲೂ ಹಾಡುವ ಹಾಡು ಅದು, ಎಳೆಮಕ್ಕಳಿಗೂ ಗೊತ್ತು. ಮೂರನೆಯವರು ವಯಸ್ಸಾದವರು. ಅವರು ಕನ್ನಡಕ ತೆಗೆದು ಮೆಲ್ಲಗೆ ಹೇಳಿದರು:

"ಅಕ್ಕಾರ, ನೀವು ಹಾಡಿದ್ದು ಆಲ್ಟೊ. ರಾಗ ಹಾಡ್ರಿ."

ಅಯ್ಯೋ, ಅವಳಿಗೆ ಆಗ ಗೊತ್ತಾಯಿತು. ತಿಂಗಳಿಡೀ ಅವಳು ಹಾಡಿಕೊಂಡದ್ದು ಎರಡನೇ ದನಿ. ಅವಳ ಕಿವಿಯೊಳಗೆ ತಬಿತಾಬಾಯಿಯ ರಾಗ ತಾನಾಗಿಯೇ ಕೂಡಿಕೊಳ್ಳುತ್ತಿತ್ತು, ಹಾಡು ಪೂರ್ತಿ ಕೇಳುತ್ತಿತ್ತು. ಹೊರಗಿನವರಿಗೆ ಕೇಳಿದ್ದು ಅವಳ ಒಂದು ದನಿ ಮಾತ್ರ. ಮನೆಯಲ್ಲಿ ಇನ್ನೊಂದು ಜೀವ ಇದ್ದಿದ್ದರೆ, ಇದೇನೇ ಹಾಡ್ತಿದ್ದೀ ಎಂದು ಮೊದಲ ದಿನವೇ ಅಡುಗೆಮನೆಯಿಂದ ಕೂಗಿ ಹೇಳುತ್ತಿತ್ತು. ಹೇಳುವವರು ಯಾರೂ ಇರಲಿಲ್ಲ, ಪ್ರಿಯರೇ. ಒಬ್ಬರೂ ಇರಲಿಲ್ಲ.

ರಾಗ ಹಾಡಲು ಹೋದಳು. ಎರಡು ಸಾಲಿಗೆ ದನಿ ಕೆಳಗಿನ ಸ್ವರಕ್ಕೆ ಜಾರಿತು. ಮತ್ತೆ ಹಾಡಿದಳು, ಮತ್ತೆ ಜಾರಿತು. ಮೂರನೇ ಸಲ ಅವರು ಕೈಯೆತ್ತಿ, ಇರಲಿ ಬಿಡಿ ಎಂದರು. ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಊರು ಮುಟ್ಟಿದಳು.

ಮುಂದಿನ ಭಾನುವಾರ ಏನಾಯಿತು ಗೊತ್ತೇ? ತಲೆಯ ಮೇಲೆ ಕೈಯಿಟ್ಟವರಲ್ಲಿ ಇಬ್ಬರು ದೇವರ ಚಿತ್ತ ಎಂದು ಭುಜ ತಟ್ಟಿ ಮುಂದೆ ಹೋದರು. ಉಳಿದವರಿಗೆ ಆಡಿಷನ್ ಇತ್ತೆಂಬುದೇ ಮರೆತಿತ್ತು. ಮನೋರಮಾ ಮನೆಗೆ ಬಂದು, ಮೊಣಕಾಲೂರದೆ, ನಿಂತೇ ಪ್ರಾರ್ಥಿಸಿದಳು. ಸಿಟ್ಟು ಬಂದಿತ್ತು.

"ಎಲ್ಲಾರೂ ನಿಂದು ಯೋಜನಾ ಐತಿ ಅಂತಾರ. ನನಗ ಯೋಜನಾ ಬ್ಯಾಡ ತಂದೆ. ಒಬ್ಬರು ಬೇಕು."

ಆಗ ದೂತನು ಬಂದ ಎಂದು ಹೇಳಿದರೆ ನಿಮಗೆಲ್ಲ ಸಂತೋಷ. ಯಾವ ದೂತನೂ ಬರಲಿಲ್ಲ. ಹತ್ತು ದಿನ ಮನೆ ಹಾಗೇ ಇತ್ತು. ಹನ್ನೊಂದನೇ ದಿನ ಅವಳಿಗೆ ಹಠ ಹುಟ್ಟಿತು: ಮುಂದಿನ ವರ್ಷ ಹೋಗಲೇಬೇಕು, ರಾಗ ಕಲಿಯಲೇಬೇಕು. ಕಲಿಸುವವರು ಯಾರು? ತಬಿತಾಬಾಯಿ. ಹೋಗಲು ನಾಚಿಕೆ, ಎಂಟು ತಿಂಗಳಾಗಿತ್ತಲ್ಲ. ಆದರೂ ಹಾಡಿನ ಪುಸ್ತಕ ಬಗಲಲ್ಲಿಟ್ಟು ನಾಲ್ಕು ಓಣಿ ನಡೆದಳು. ಸ್ವಂತ ಗರಜು ಇದ್ದರೆ, ತನಗೇ ಏನೋ ಬೇಕಿದ್ದರೆ, ಕಾಲು ಹೇಗೆ ಓಡುತ್ತದೆ ನೋಡಿ.

ಬಾಗಿಲು ಬಡಿದಳು. ಒಳಗೆ ವಾಕರ್ ಎಳೆಯುವ ಸದ್ದು, ಬಹಳ ಹೊತ್ತಿಗೆ ಚಿಲಕ ತೆಗೆದ ಸದ್ದು. ತಬಿತಾಬಾಯಿ ಸೊರಗಿ ಅರ್ಧ ಆಗಿದ್ದರು. ಯಾರು ಕಳಿಸಿದರು ಎಂದು ಕೇಳಿದರು. ಯಾರೂ ಕಳಿಸಿಲ್ಲ, ಆಡಿಷನ್ನಿನಲ್ಲಿ ಫೇಲಾದೆ, ರಾಗ ಕಲಿಸಿಕೊಡಿ ಎಂದು ಬಂದೆ ಎಂದಳು ಮನೋರಮಾ. ನಡೆದದ್ದನ್ನೆಲ್ಲ ಹೇಳಿ ಅಲ್ಲೇ ಹೊಸ್ತಿಲ ಮೇಲೆ ಅತ್ತಳು. ಮುದುಕಿ ಅವಳ ಕೈ ಹಿಡಿದುಕೊಂಡರು.

"ನಾ ಒಬ್ಬಾಕಿನ ಕುಂತು ಬಾಗಲಾ ನೋಡ್ತಿದ್ನಿ ತಂಗಿ. ನೀ ಪಾಸಾಗಿದ್ರ ಈ ಬಾಗಲಾ ಯಾರು ಬಡೀತಿದ್ರು?"

ಅವತ್ತು ಅವರು ನಡುಗುವ ದನಿಯಲ್ಲಿ ರಾಗ ಎತ್ತಿದರು. ಮನೋರಮಾ ರಾಗವನ್ನೇ ಹಾಡಲು ಬಾಯಿ ತೆರೆದಳು, ಬಂದದ್ದು ಎರಡನೇ ದನಿ. ಹೊಂದಿತು. ಹಾಡು ಹಾಡಾಯಿತು. ಇಬ್ಬರೂ ಕಣ್ಣೀರು ಒರೆಸಿಕೊಂಡು ನಕ್ಕರು.

ಮುಂದಿನ ವರ್ಷ ಆಯ್ಕೆಯಾದಳೇ ಎಂದು ಕೇಳುತ್ತೀರಿ, ಗೊತ್ತು. ಇಲ್ಲ. ಅವಳಿಗೆ ಇವತ್ತಿಗೂ ರಾಗ ಬಂದಿಲ್ಲ. ವಾರಕ್ಕೆ ಮೂರು ಸಂಜೆ ಕಲಿಯಲು ಹೋಗುತ್ತಾಳೆ, ಕಲಿಯದೆ ಬರುತ್ತಾಳೆ.

ಈಗ ನಿಮ್ಮ ಕಡೆ ಬರುತ್ತೇನೆ. ಬೆಂಚು ಗಟ್ಟಿಯಾಗಿ ಹಿಡಿದುಕೊಳ್ಳಿ. ಮನೋರಮಾಳಿಗೆ ಒಬ್ಬರು ಬೇಕಿತ್ತು, ತಬಿತಾಬಾಯಿಗೆ ಒಬ್ಬರು ಬೇಕಿತ್ತು, ನಡುವೆ ನಾಲ್ಕು ಓಣಿ. ಎಂಟು ತಿಂಗಳು ಯಾಕೆ ತಡವಾಯಿತು? ದೇವರು ತಡಮಾಡಿದನೇ? ಇಲ್ಲ. ನಾವು ದೇವರ ಯೋಜನೆ ಎಂದು ಫೋನಿನಲ್ಲಿ ಹೇಳಿ ಕೂತುಬಿಟ್ಟೆವು. ನಾನೂ ಹೇಳಿದ್ದೇನೆ, ಸಭಾಪಾಲಕನಾದ ನಾನು ನಿಮಗಿಂತ ಹೆಚ್ಚು ಹೇಳಿದ್ದೇನೆ. ದೇವರ ಯೋಜನೆಗೆ ಕಾಲು ಬೇಡವೇ? ಆ ಕಾಲು ಯಾರದು?

ನಿಮ್ಮಲ್ಲಿ ಯಾರದೋ ಅರ್ಜಿ ತಿರಸ್ಕಾರವಾಗಿದೆ, ಯಾರದೋ ಹಾಡು ನಿಂತಿದೆ. ದೇವರನ್ನು ನಂಬಿ, ಖಂಡಿತ ನಂಬಿ. ಆದರೆ ನಂಬಿಕೊಂಡು ಮನೆಯೊಳಗೆ ಕೂರಬೇಡಿ. ಇನ್ನು ಮೇಲೆ ದೇವರ ಯೋಜನೆ ಇದೆ ಎಂಬ ಮಾತನ್ನು ಯಾರಿಗಾದರೂ ಹೇಳಬೇಕೆನ್ನಿಸಿದರೆ ಫೋನ್ ಕೆಳಗಿಡಿ, ಚಪ್ಪಲಿ ಮೆಟ್ಟಿಕೊಳ್ಳಿ, ಅವರ ಬಾಗಿಲಿಗೆ ಹೋಗಿ ಹೇಳಿ. ಇವತ್ತೇ, ಊಟಕ್ಕೆ ಮೊದಲು. ಏಳಿ, ಪ್ರಾರ್ಥನೆಯನ್ನು ಚಿಕ್ಕದಾಗಿ ಮಾಡುತ್ತೇನೆ, ನೀವು ಹೋಗಬೇಕಾದ ಮನೆ ದೂರ ಇರಬಹುದು.